ಅಳಿಸಿಹೋದ ಪ್ಯಾಟರ್ನು

ರಾಯದುರ್ಗದ ಮನೆಯಲ್ಲೇ ಕೂತು ಜೀನ್ಸ್ ಯೂನಿಟ್ಟಿಗೆ ಬಟ್ಟೆ ಕತ್ತರಿಸುವ ಅಳತೆಯ ನಕ್ಷೆ, ಅಂದರೆ ಪ್ಯಾಟರ್ನು, ಮಾಡಿಕೊಡುವ ಹಂಪಕ್ಕ, ಹಳೆ ಕಂಪ್ಯೂಟರಿನಲ್ಲಿದ್ದ ಪ್ಯಾಟರ್ನುಗಳ ಐಕಾನುಗಳನ್ನು ಪೆನ್‌ಡ್ರೈವಿಗೆ ಎಳೆದು, ಆ ಹಳೆಯ ಕಂಪ್ಯೂಟರಿನಲ್ಲೇ ತೆರೆದು ನೋಡಿ, ಎಲ್ಲ ಸರಿಯಿದೆಯೆಂದು ಹಳೆಯದನ್ನು ಪೂರ್ತಿ ಅಳಿಸಿ ಮಾರಿಬಿಟ್ಟಿದ್ದಳು. ಹೊಸದರಲ್ಲಿ ಒಂದೂ ತೆರೆಯಲಿಲ್ಲ. ಬಂದಿದ್ದು ಬರೀ ಶಾರ್ಟ್‌ಕಟ್ಟುಗಳು; ಅಸಲು ಫೈಲುಗಳು ಹಳೆಯದರ ಜೊತೆಗೇ ಅಳಿಸಿಹೋಗಿದ್ದವು. ಇವತ್ತು ಮಧ್ಯಾಹ್ನವೇ ಯೂನಿಟ್ಟಿನಲ್ಲಿ ಮಡಕಶಿರಾದ ಆರ್ಡರಿನ ಕಟಿಂಗು. ತಪ್ಪಿದರೆ ಈ ಕೆಲಸವೇ ಕೈಬಿಟ್ಟುಹೋದಂತೆ.

"ಹೊಸದ್ರಾಗ ನೋಡಿ ಆಮ್ಯಾಲೆ ಅಳಿಸೋದಲ್ಲೇನ?" ಗಂಡ ಓಬಳೇಶ ಸಿಡುಕಿದ.

ಹಂಪಕ್ಕನ ಕಣ್ಣು ಅವನ ಸೊಂಟದ ಮೇಲೆ ನಿಂತಿತು. ಅವನು ತೊಟ್ಟಿದ್ದು ಮಡಕಶಿರಾದ ಆರ್ಡರಿನ ಪ್ಯಾಟರ್ನಿನಲ್ಲೇ ಹೊಲಿದ ಮೊದಲ ಪ್ಯಾಂಟು.

"ಬಿಚ್ಚಿ ಕೊಡ್ರಿ."

"ಹಗಲು ಹೊತ್ತಿನಾಗ ಏನೇ ಇದು?"

"ಪ್ಯಾಂಟು ಕೊಡ್ರಿ ಅಂದೆ!"

ಅವನು ಲುಂಗಿ ಸುತ್ತಿಕೊಳ್ಳುವಷ್ಟರಲ್ಲಿ ಅವಳು ಬ್ಲೇಡು ಹಿಡಿದು ಹೊಲಿಗೆ ಕೀಳತೊಡಗಿದ್ದಳು. ಒಂದೊಂದೇ ತುಂಡನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಪ್ಯಾಟರ್ನು ಮತ್ತೆ ಮಾಡಬೇಕು. ಗಡಿಯಾರ ಆಗಲೇ ಹನ್ನೊಂದು ದಾಟಿತ್ತು.