ಕಾಲು ಟ್ಯಾಂಕಿಗಿಂತ ಕೆಳಗೆ

ಇದೋ, ಶುರುವಾಯಿತು, ಹಿಂದಿನ ಸೀಟಿನ ಅಡಿಯಿಂದ, ಸಣ್ಣಗೆ ಗುಂಯ್ ಎಂದು, ಜಾಡಿಯೊಳಗೆ ಜೇನ್ನೊಣ ಸಿಕ್ಕಿಕೊಂಡ ಹಾಗೆ — ಇಲ್ಲ, ಜೇನ್ನೊಣ ನಡುನಡುವೆ ಸುಮ್ಮನಾಗುತ್ತದೆ, ಇದು ಆಗುವುದಿಲ್ಲ, ಒಂದೇ ಎಳೆ, ಕೇಳಿಸ್ತಾ ಗ್ವೆನ್, ಏನಮ್ಮಾ, ಹಿಂದೆ ಗುಂಯ್ ಅಂತಿದೆಯಲ್ಲ, ನಂಗೇನೂ ಕೇಳಿಸ್ತಿಲ್ಲ, ಮೊದ್ಲು ಎ.ಸಿ. ಹಾಕು, ಬೆಂದು ಹೋಗ್ತಿದೀನಿ, ಹಾಕಲ್ಲ ಕಣೇ, ಹಾಕಿದ್ರೆ ಆ ಸದ್ದೇ ಮುಚ್ಚಿಹೋಗುತ್ತೆ. ಮಗಳು ಕಿಟಕಿಯ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ ಮುಖವನ್ನು ಅಲ್ಲಿಗೆ ಒಡ್ಡುತ್ತಾಳೆ, ನಲವತ್ತಾರರ ಹೆಂಗಸು, ಕೆಲಸಕ್ಕೆ ರಜೆ ಹಾಕಿ ಮ್ಯಾಡಿಸನ್‌ನಿಂದ ಬಂದಿದ್ದಾಳೆ, ನನ್ನ ಕಾರು ನಡುರಸ್ತೆಯಲ್ಲಿ ಸಾಯುತ್ತದೋ ಇಲ್ಲವೋ ನೋಡುವುದಕ್ಕೆ, ಇಂಥ ಕೆಲಸಕ್ಕೆ ಯಾರಾದರೂ ರಜೆ ಹಾಕುತ್ತಾರೆಯೇ, ಆದರೆ ಒಪ್ಪಂದ ಒಪ್ಪಂದವೇ, ನಿನ್ನೆ ಅಡುಗೆಮನೆಯ ಮೇಜಿನ ಎದುರುಬದುರು ಕೂತು ಮಾಡಿಕೊಂಡದ್ದು, ನಾಳೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತಿರು, ನಿಂತ್ರೆ ತಪ್ಪು ಕಾರಿಂದು, ಪೆಟ್ರೋಲ್ ಎತ್ತೋ ಪಂಪು ಬದಲಾಯಿಸೋದು, ಕೀ ನಂದೇ, ನಿಲ್ಲಲಿಲ್ಲ ಅಂದ್ರೆ ಅಮ್ಮಾ, ನಿಲ್ಲಲಿಲ್ಲ ಅಂದ್ರೆ ಕೀ ನಿಂಗೆ, ಮಂಗಳವಾರ ಶುಕ್ರವಾರ ಬರೋ ಮುದುಕರ ವ್ಯಾನು ಹತ್ಕೊಂಡು ಓಡಾಡ್ತೀನಿ, ಬಾಯಿ ಮುಚ್ಕೊಂಡು. ಕಾರು ನಿಲ್ಲಲಿ ಎಂದು ಬೇಡಿಕೊಳ್ಳುತ್ತ ಕಾರು ಓಡಿಸುವವಳು ಈ ಕೌಂಟಿಯಲ್ಲಿ ನಾನೊಬ್ಬಳೇ ಇರಬೇಕು. ಗಂಟೆ ಎರಡೂ ಹತ್ತು, ಜುಲೈ ಬಿಸಿಲು, ಎರಡೂ ಕಡೆ ಮೆಕ್ಕೆಜೋಳ ಆಳೆತ್ತರಕ್ಕೆ ನಿಂತಿದೆ, ಪೆಟ್ರೋಲಿನ ಮುಳ್ಳು ಕಾಲು ಟ್ಯಾಂಕಿಗಿಂತ ಕೆಳಗಿದೆ, ಎಲ್ಲ ಸರಿಯಾಗಿದೆ.

ಮೂರು ಸಲ ನಿಂತಿದೆ, ಮೂರೂ ಸಲ ನಾನೊಬ್ಬಳೇ ಇದ್ದೆ, ಅದೇ ತೊಂದರೆ. ಮೊದಲು ಮೇ ತಿಂಗಳಲ್ಲಿ ಹೊಳೆಯ ಸೇತುವೆ ಮೇಲೆ, ಆಮೇಲೆ ದನದ ದಾಣಿ ಅಂಗಡಿಯ ಎದುರು, ಮೂರನೆಯದು ರೈಲು ಹಳಿ ದಾಟಿದ ಮೇಲೆ, ದಾಟಿದ ಮೇಲೆ, ಅದನ್ನು ಎರಡೆರಡು ಸಲ ಹೇಳಿದರೂ ಗ್ವೆನ್ ದಾಟುವಾಗ ಎಂದೇ ಕೇಳಿಸಿಕೊಂಡಳು. ಪ್ರತಿ ಸಲವೂ ಇಪ್ಪತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಶುರುವಾಗಿ ಮನೆಗೆ ಬಂತು, ಗ್ಯಾರೇಜಿಗೆ ಒಯ್ದರೆ ಡ್ವೇನ್ ತನ್ನ ಯಂತ್ರ ಸಿಕ್ಕಿಸಿ ನೋಡಿ ತಲೆ ಕೆರೆದುಕೊಂಡ, ಏನೂ ತೋರಿಸ್ತಿಲ್ಲ ಆರ್ಡಿಸ್, ಎಲ್ಲ ಚೆನ್ನಾಗಿದೆ, ಆಮೇಲೆ ಕೀಲಿ ಗೊಂಚಲನ್ನು ಅಂಗೈಯಲ್ಲಿ ತೂಗಿ ನೋಡಿ ಮೆಲ್ಲಗೆ ಕೇಳಿದ, ಬೇಜಾರು ಮಾಡ್ಕೋಬೇಡಿ, ನಿಮ್ಮ ಮೊಣಕಾಲೇನಾದ್ರೂ ಇದಕ್ಕೆ ತಾಗಿ ಆಫ್ ಆಗಿರ್ಬಹುದಾ. ಒಂಬತ್ತು ಕೀಲಿ ಇವೆ ಅದರಲ್ಲಿ, ಕಾರಿನದು ಒಂದೇ, ಮಿಕ್ಕವು ಕೊಟ್ಟಿಗೆ, ಹಾಲಿನ ಕೋಣೆ, ಟ್ರ್ಯಾಕ್ಟರು, ಪೆಟ್ರೋಲ್ ಪೀಪಾಯಿ, ಈಗ ಇಲ್ಲದ ಬೀಗಗಳವು, ಈಗಲೂ ತೂಗಾಡುತ್ತಿವೆ ನೋಡು, ಮೊಣಕಾಲಿಗೆ ಒಂದಿಂಚು ದೂರದಲ್ಲಿ, ಡ್ವೇನ್ ಹೇಳಿದ್ದು ದಡ್ಡ ಮಾತೇನಲ್ಲ, ಅದೇ ನನಗೆ ಚುಚ್ಚುವುದು. ಅವನು ಗ್ವೆನ್‌ಗೆ ಫೋನು ಮಾಡಿದ, ಗ್ವೆನ್ ಜನವರಿಯಲ್ಲಿ ಆದದ್ದರ ಮಾತು ತೆಗೆದಳು. ಜನವರಿಯದು ನಿಜ. ಬೆಳಗಿನ ಐದಕ್ಕೆ ಬೂಟು ಹಾಕಿಕೊಂಡು ಹಿಮ ತುಳಿದು ಕೊಟ್ಟಿಗೆಗೆ ಹೋಗಿ ದೀಪ ಹಾಕಿ ನಿಂತಿದ್ದೆ, ಹಸುಗಳನ್ನು ಮಾರಿ ನಾಲ್ಕು ವರ್ಷವಾಗಿದೆ, ಹಾಲು ಕರೆಯುವ ಯಂತ್ರದ ಪಂಪನ್ನು ಬಿಚ್ಚಿ ಒಯ್ದೂ ನಾಲ್ಕು ವರ್ಷ, ಆದರೆ ಅದರ ಗುಂಯ್ ಎಂಬುದು ಕಿವಿಗೆ ಎಷ್ಟು ಸ್ಪಷ್ಟವಾಗಿತ್ತೆಂದರೆ ನನ್ನ ಗಂಡ ಹಾರ್ಲನ್ ನನಗಿಂತ ಮೊದಲು ಎದ್ದು ಶುರು ಮಾಡಿದ್ದಾನೆ ಎಂದುಕೊಂಡೆ, ಹಾರ್ಲನ್ ಹೋಗಿ ಮೂರು ವರ್ಷ. ಪಕ್ಕದ ತೋಟದ ಲೈಲ್ ಬಂದು ತೋಳು ಹಿಡಿದು ಮನೆಗೆ ಕರೆದುಕೊಂಡು ಬಂದ. ಕಿವಿ ಡಾಕ್ಟರು ಹೇಳಿದರು, ಅದು ನಿಮ್ಮ ಕಿವಿಯೊಳಗಿನ ಸದ್ದು, ಹೊರಗೆ ಏನೂ ಇಲ್ಲ, ಮೂವತ್ತೆಂಟು ವರ್ಷ ಆ ಪಂಪಿನ ಹತ್ತಿರ ನಿಂತಿದ್ರೆ ಇನ್ನೇನಾಗುತ್ತೆ.

ಹಾಗಾದರೆ ಈಗ ಕೇಳುತ್ತಿರುವುದು ಯಾವುದು, ಹಿಂದಿನ ಸೀಟಿನದೋ ನನ್ನ ತಲೆಯದೋ, ಇದೇ ಪ್ರಶ್ನೆ, ಇದಕ್ಕೆ ಉತ್ತರ ಗ್ವೆನ್‌ಗಿಂತ ನನಗೆ ಬೇಕು. ಕಾರಿನ ಪೆಟ್ರೋಲ್ ಪಂಪು ಎಲ್ಲಿರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ, ಎಪ್ಪತ್ತೊಂದು ವರ್ಷ, ಐವತ್ತೈದು ವರ್ಷದ ಡ್ರೈವಿಂಗು, ಒಂದು ದಿನವೂ ಕೇಳಿಕೊಂಡಿರಲಿಲ್ಲ, ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂತಾಗ ತಿಳಿಯಿತು, ಅದು ಟ್ಯಾಂಕಿನ ಒಳಗೇ ಇರುತ್ತದಂತೆ, ಪೆಟ್ರೋಲಿನಲ್ಲಿ ಮುಳುಗಿಕೊಂಡು, ಬೇಸಿಗೆಯಲ್ಲಿ ನಮ್ಮ ಹಸುಗಳು ಹಳ್ಳಕ್ಕಿಳಿದು ಹೊಟ್ಟೆಯವರೆಗೆ ನೀರಲ್ಲಿ ನಿಲ್ಲುತ್ತಿದ್ದ ಹಾಗೆ, ಆ ಪೆಟ್ರೋಲೇ ಅದಕ್ಕೆ ತಂಪು, ಕಡಿಮೆಯಾದರೆ ಕಾದು ನಿಲ್ಲುತ್ತದೆ, ಆರಿದ ಮೇಲೆ ಮತ್ತೆ ಓಡುತ್ತದೆ. ಇದೇ ಕಾರು ಇರುವವರೆಲ್ಲ ಬರೆದುಕೊಳ್ಳುವ ಒಂದು ಪುಟ ಸಿಕ್ಕಿತು, ಎಷ್ಟು ಜನ, ಅಬ್ಬ, ನಾನೊಬ್ಬಳೇ ಅಂದುಕೊಂಡಿದ್ದೆ, ಓಹಿಯೋದ ನರ್ಸಮ್ಮ ಆಸ್ಪತ್ರೆ ತಿರುವಿನಲ್ಲಿ ಕಾರು ಸತ್ತು ಹೋಗಿ ಸಮವಸ್ತ್ರದಲ್ಲೇ ತಳ್ಳಿದಳಂತೆ, ಅವಳ ಗಂಡನೂ ನಂಬಲಿಲ್ಲವಂತೆ, ಟೆನ್ನೆಸ್ಸಿಯವನೊಬ್ಬ ಬರೆದಿದ್ದ, ಬೂಟು ಬಿಚ್ಚಿ ಟ್ಯಾಂಕಿನ ತಳಕ್ಕೆ ನಾಲ್ಕು ಬಾರಿಸಿ, ಮನೆ ಮುಟ್ಟಿಸುತ್ತೆ, ಅದರ ಕೆಳಗೆ ಇನ್ನೊಬ್ಬ, ಎಡಗಾಲಿಂದಾ ಬಲಗಾಲಿಂದಾ ಸ್ವಾಮಿ, ನಾನು ಲೈಬ್ರರಿಯಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟೆ. ನಾನೂ ಒಂದು ಪ್ರಶ್ನೆ ಹಾಕಿದೆ, ನಿಮ್ಮ ಕಾರು ನಿಂತಾಗ ಟ್ಯಾಂಕಿನಲ್ಲಿ ಎಷ್ಟಿತ್ತು, ಬಿಸಿಲಿತ್ತೇ, ಹದಿನೇಳು ಜನ ಉತ್ತರ ಕೊಟ್ಟರು, ಹದಿನಾಲ್ಕು ಜನ ಕಾಲು ಟ್ಯಾಂಕಿಗಿಂತ ಕೆಳಗೆ, ಬಿಸಿಲು. ಆಗ ಹಾರ್ಲನ್ ನೆನಪಾದ, ಟ್ಯಾಂಕಿನ ತುಂಬ ತುಂಬಿಸ್ಕೊಂಡು ಯಾಕೆ ತಿರುಗ್ತೀಯೇ ಆರ್ಡೀ, ಕಾರಿಗೆ ಸುಮ್ನೆ ಭಾರ, ಮನೇಲೇ ಪೀಪಾಯಿ ಇದೆ, ಒಂದು ಡಬ್ಬ ಹಾಕ್ಕೊಂಡು ಹೋಗು, ಯಾವತ್ತೂ ಒಂದು ಡಬ್ಬ, ಪೀಪಾಯಿ ಹೋದ ಮೇಲೂ ಬಂಕಿನಲ್ಲಿ ನಾನು ಹಾಕಿಸುತ್ತಿದ್ದದ್ದು ಆ ಒಂದು ಡಬ್ಬದಷ್ಟೇ, ಬಡಪಾಯಿ ಪಂಪು ಹನ್ನೆರಡು ವರ್ಷ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ದುಡಿದಿದೆ. ನಿನ್ನ ಜಾಣತನ ನೋಡು ಹಾರ್ಲನ್, ನೀನು ಹೋದೆ, ಅದು ಇನ್ನೂ ನನ್ನ ತಲೆ ತಿನ್ನುತ್ತಿದೆ. ಸಿಟ್ಟೇನೂ ಬರಲಿಲ್ಲ, ಮಾತಾಡಿಸಬೇಕು ಎನಿಸಿತು, ಇದನ್ನು ಕೇಳಿದ್ದರೆ ಅವನು ಟೋಪಿ ಹಿಂದಕ್ಕೆ ಸರಿಸಿ ಹೌದಾ ಎನ್ನುತ್ತಿದ್ದ.

ಅಮ್ಮಾ ಬಂಕ್ ಬಂತು ನೋಡು, ಮುಳ್ಳು ತಳದ ಹತ್ರ ಬಂತು, ಹಾಕಿಸ್ಬಾರ್ದಾ, ಬೇಡ, ಪೆಟ್ರೋಲ್ ಮುಗ್ದು ನಿಂತ್ರೆ ಅದು ಲೆಕ್ಕಕ್ಕಿಲ್ಲ ಅಮ್ಮಾ, ಗೊತ್ತಾಯ್ತಾ, ಗೊತ್ತು ಕಣೇ, ಇನ್ನೂ ಎಪ್ಪತ್ತು ಮೈಲಿ ಓಡುತ್ತೆ, ಡಿಕ್ಕಿಯಲ್ಲಿ ಡಬ್ಬಾನೂ ಇದೆ, ನಿಂತ ಮೇಲೆ ಟ್ಯಾಂಕಿಗೆ ಕಡ್ಡಿ ಇಳಿಸಿ ತೋರಿಸ್ತೀನಿ, ಹಸು ಡಾಕ್ಟ್ರ ಹತ್ರಾನೂ ಹೀಗೇ ಜಗಳ ಆಡ್ತಿದ್ದೆ ನೀನು ಎಂದು ಅವಳು ನಗುತ್ತಾಳೆ, ಮೊದಲ ಸಲ ಇವತ್ತು ನಕ್ಕಳು. ಇವಳ ಕೋಣೆಯ ಕಿಟಕಿ ಕೊಟ್ಟಿಗೆಯ ಕಡೆಗೇ ಇತ್ತು, ಆ ಪಂಪು ಐದಕ್ಕೆ ಶುರುವಾದರೆ ಗಾಜು ಅದುರುತ್ತಿತ್ತು, ಇವಳು ಹೊದಿಕೆಯೊಳಗೆ ಕಲ್ಲಿನ ಹಾಗೆ ಮಲಗಿರುತ್ತಿದ್ದಳು, ಬೆಳಿಗ್ಗೆ ಎದ್ದು ಪಂಪಾ, ಯಾವ ಪಂಪು, ನಂಗೇನೂ ಕೇಳ್ಸಲ್ಲ ಎನ್ನುತ್ತಿದ್ದಳು, ಆದರೆ ಏಳೂವರೆಗೆ ಕೆಲಸ ಮುಗಿಸಿ ನಾನು ಸ್ವಿಚ್ ಆರಿಸಿದ ತಕ್ಷಣ ಧಡಕ್ಕನೆ ಕೂತುಕೊಳ್ಳುತ್ತಿದ್ದಳು, ನಾನು ಬೂಟು ಬಿಚ್ಚಿ ಒಳಗೆ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ, ಕೂದಲೆಲ್ಲ ಒಂದು ಕಡೆಗೆ ನಿಂತು, ನಿಂತೋಯ್ತಾ ಅಮ್ಮಾ, ಪ್ಯಾನ್‌ಕೇಕ್ ಮಾಡ್ತೀಯಾ. ಸದ್ದು ಕೇಳಿಸುತ್ತಿರಲಿಲ್ಲ ಇವಳಿಗೆ, ಸದ್ದು ನಿಂತದ್ದು ಕೇಳಿಸುತ್ತಿತ್ತು, ನಾನೂ ಹಾರ್ಲನ್ನೂ ಅದನ್ನು ಹೇಳಿಕೊಂಡು ಎಷ್ಟು ನಕ್ಕಿದ್ದೇವೆ.

ಮೂರೂ ಕಾಲು. ಸುತ್ತುಬಳಸು ರಸ್ತೆಗಳೆಲ್ಲ ಮುಗಿದವು, ಲುಥರನ್ ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಮರಗಳ ನೆರಳು ಬಂತು, ಸದ್ದು — ಇಲ್ಲ. ಇಲ್ಲವೇ ಇಲ್ಲ. ಕಿವಿಗೊಟ್ಟೆ, ಉಸಿರು ಹಿಡಿದೆ, ಟೈರಿನ ಸದ್ದು, ಗಾಳಿ, ಅಷ್ಟೇ, ಕಾರು ಬೆಣ್ಣೆಯ ಹಾಗೆ ಓಡುತ್ತಿದೆ, ಇಂಥ ಒಳ್ಳೆಯ ಕಾರಿನ ಮೇಲೆ ಇಷ್ಟು ದಿನ ಸುಳ್ಳು ಹೇಳಿದೆನೆ, ಹಾಗಾದರೆ ಸೇತುವೆ ಮೇಲೆ ಏನಾಯಿತು, ನಾನೇ ಕೀಲಿ ತಿರುಗಿಸಿ ಮರೆತೆನೆ, ಕೊಟ್ಟಿಗೆಯಲ್ಲಿ ನಿಂತಿದ್ದು ಯಾರು, ಹಾಗೇ ಒಂದು ದಿನ ನಿಜವಾಗಿ ಹಳಿಯ ಮೇಲೆ — ಹೆದರಿಕೆ ಎಂದರೆ ಇದು. ಮುಕ್ಕಾಲು ಗಂಟೆ ಬಾಕಿ. ಕೀಲಿ ಗೊಂಚಲು ತೂಗಾಡುತ್ತಿದೆ, ಒಂದಿಂಚು, ಮೊಣಕಾಲು ಒಂದಿಷ್ಟು ಎತ್ತಿ ಹೊರಳಿಸಿದರೆ ಸಾಕು, ಎಂಜಿನ್ ಆರುತ್ತದೆ, ನೋಡಿದ್ಯಾ ಗ್ವೆನ್ ಎನ್ನಬಹುದು, ಯಾರಿಗೆ ಗೊತ್ತಾಗುತ್ತದೆ, ಕೀಲಿ ನನ್ನದಾಗಿಯೇ ಉಳಿಯುತ್ತದೆ, ಮೊಣಕಾಲು ಆಗಲೇ ಎದ್ದಿದೆಯಲ್ಲ, ನಾನು ಎತ್ತಿದ್ದೇ ಇದು, ಛೀ. ಗೆದ್ದರೂ ಆ ಸದ್ದು ಎಲ್ಲಿಯದೆಂದು ಗೊತ್ತಾಗುವುದಿಲ್ಲ ಆಮೇಲೆ, ನನಗೇ ಗೊತ್ತಾಗುವುದಿಲ್ಲ, ಅದು ನನ್ನಿಂದ ಆಗದ ಕೆಲಸ, ಗ್ವೆನ್, ಕೈ ಕೊಡು, ಯಾಕಮ್ಮಾ, ಕೀ ಮೇಲೆ ಕೈ ಇಡು, ಬಿಗಿಯಾಗಿ ಹಿಡ್ಕೋ, ನಾನು ತಿರುಗಿಸಕ್ಕೂ ಆಗ್ಬಾರ್ದು ಮೊಣಕಾಲು ತಾಗಕ್ಕೂ ಆಗ್ಬಾರ್ದು, ಅಮ್ಮಾ ಹುಚ್ಚಾ ನಿಂಗೆ, ಅದನ್ನೇ ಅಲ್ವೇನೇ ನಾವು ನೋಡಕ್ ಬಂದಿರೋದು, ಹಿಡ್ಕೋ. ಅವಳು ಬಾಗಿ, ಸೀಟುಬೆಲ್ಟು ಎಳೆದುಕೊಂಡು, ಕೀಲಿಯ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಗೊಂಚಲನ್ನು ಅಂಗೈಯಲ್ಲಿ ಮುಚ್ಚಿಕೊಂಡಳು, ಅಗಲ ಗಿಣ್ಣುಗಳ ಕೈ, ಹಾರ್ಲನ್‌ನದೇ, ಕೆಚ್ಚಲು ಹಿಡಿಯಲು ಹುಟ್ಟಿದ ಕೈ, ಬ್ಯಾಂಕಿನಲ್ಲಿ ಕಾಗದ ತಿರುವುತ್ತದೆ, ಅವಳ ಮುಂಗೈಯ ಬೆವರು ನನ್ನ ಮೊಣಕಾಲಿಗೆ ತಾಗುತ್ತಿದೆ, ಹೀಗೇ ಎಷ್ಟು ಹೊತ್ತಮ್ಮಾ, ನಾಲ್ಕು ಗಂಟೇವರೆಗೂ, ಬೆನ್ನು ಹೋಗುತ್ತೆ ನಂದು, ನಿನ್ನನ್ನ ಹೊತ್ತು ನನ್ನ ಬೆನ್ನು ಹೋಗ್ಲಿಲ್ವಾ.

ನೆರಳು ಮುಗಿಯಿತು, ಮತ್ತೆ ಬಿಸಿಲು, ಮತ್ತೆ ಜೋಳ, ನೆಟ್ಟಗಿನ ರಸ್ತೆ, ಮುಂದೆ ಯಾರೂ ಇಲ್ಲ ಹಿಂದೆ ಯಾರೂ ಇಲ್ಲ, ಪಕ್ಕದಲ್ಲಿ ಅಗಲವಾದ ಜಲ್ಲಿ ಅಂಚು, ಇಲ್ಲೇ ಆಗಲಿ, ಬೇರೆಲ್ಲೂ ಬೇಡ, ಮೂರು ಮುಕ್ಕಾಲು, ಮೂರು ಐವತ್ತು, ಅವಳ ಬೆರಳು ಬಿಳಿಚಿಕೊಂಡಿವೆ ಆದರೂ ಬಿಟ್ಟಿಲ್ಲ, ಹಟ, ಅದೂ ನನ್ನದೇ — ಇದೋ. ಗುಂಯ್. ಹಿಂದಿನ ಸೀಟಿನ ಅಡಿಯಿಂದ, ತೆಳ್ಳಗೆ, ಈ ಸಲ ಎತ್ತರದಲ್ಲಿ, ಕೊಟ್ಟಿಗೆಯ ಪಂಪಿಗೆ ಎಣ್ಣೆ ತೀರಿದಾಗ ಹೀಗೇ ಏರುತ್ತಿತ್ತು, ಏರಿ ಏರಿ, ನಾನು ಗ್ವೆನ್‌ಗೆ ಏನೂ ಹೇಳುವುದಿಲ್ಲ, ಕೇಳಿಸ್ತಾ ಎಂದು ಕೇಳುವುದಿಲ್ಲ, ಎರಡೂ ಕೈ ಸ್ಟೀರಿಂಗಿನ ಮೇಲಿವೆ, ಇದು ನನ್ನ ತಲೆಯದಾದರೆ ಕಾರು ನಿಂತರೂ ಹಾಡುತ್ತಲೇ ಇರಬೇಕು, ಕಾರಿನದಾದರೆ ಕಾರಿನ ಜೊತೆಗೇ ನಿಲ್ಲಬೇಕು, ಎಷ್ಟು ಸುಲಭದ ಪರೀಕ್ಷೆ, ಏರುತ್ತಿದೆ, ಒಮ್ಮೆ ತೊದಲಿತು, ಕಾರು ಮುಗ್ಗರಿಸಿತು, ಮತ್ತೆ ಹಿಡಿಯಿತು, ಮತ್ತೆ — ಕೆಂಪು ದೀಪಗಳೆಲ್ಲ ಹೊತ್ತಿಕೊಂಡವು, ಸ್ಟೀರಿಂಗು ಕಲ್ಲಾಯಿತು, ಎರಡೂ ತೋಳಿನಿಂದ ಎಳೆದು ಜಲ್ಲಿಗೆ ಇಳಿಸಿದೆ, ಚಕ್ರದಡಿ ಜಲ್ಲಿ ಕರಕರ ಎಂದು ಕೊನೆಗೆ ಅದೂ ಇಲ್ಲ. ಅವಳ ಮುಖ ನೋಡುವುದಿಲ್ಲ ಇನ್ನೂ, ಮೊದಲು ಕೇಳಬೇಕು, ಒಳಗೆ ಕೇಳಬೇಕು, ಏನಾದರೂ ಉಳಿದಿದೆಯೇ, ಜೋಳದೆಲೆ ಸರಿದಾಡುತ್ತಿದೆ, ಮಿಡತೆ, ನನ್ನದೇ ಉಸಿರು, ಬೇರೇನೂ ಇಲ್ಲ. ಗ್ವೆನ್ ಧಡಕ್ಕನೆ ತಲೆ ಎತ್ತಿದಳು, ಹಿಂದಿನ ಸೀಟಿನ ಕಡೆಗೆ, ಕೂದಲೆಲ್ಲ ಒಂದು ಕಡೆಗೆ, ನಿಂತೋಯ್ತು ಅಮ್ಮಾ, ಆ ಗುಂಯ್ ಅನ್ನೋದು, ನಿಂತೋಯ್ತು, ಎಂದಳು, ಎಂದು ಕೆಳಗೆ ನೋಡಿದಳು, ನಾನೂ ನೋಡಿದೆ, ಕೀಲಿ ತಿರುಗಿಲ್ಲ, ಇದ್ದಲ್ಲೇ ಇದೆ, ಬಿಡೇ ಇನ್ನು ಎನ್ನಬೇಕು, ಅವಳು ಬಿಡುತ್ತಿಲ್ಲ, ಕೀಲಿ, ಕೀಲಿಯ ಮೇಲೆ ಅವಳ ಕೈ, ಬಿಳಿಚಿದ ಗಿಣ್ಣು, ಕೀಲಿ ಇದ್ದಲ್ಲೇ, ಅದರ ಮೇಲೆ ಅವಳ ಕೈ —