ತಡವಾಗಿ ಮರಳಿದ ಪೊರೆ

ಸೋತವರು ಫೋನ್ ಮಾಡಬೇಕು ಎಂಬುದೇ ಪಂದ್ಯ. ಗೂಬೆಗೆ ಸೋಲಬೇಕೆಂಬ ಆಸೆ.

ಹಗಲೆಲ್ಲ ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವವಳಿಗೆ ಆ ಹೆಸರಿಟ್ಟವನು ಪಕ್ಕದ ಕುರ್ಚಿಯ ಜೊತೆಗಾರ. ನಾಲ್ಕು ವರ್ಷ ಒಟ್ಟಿಗಿದ್ದು, ಎರಡು ವಾರದ ಹಿಂದೆ ಬೇರೆ ಊರಿನ ಪ್ರಯೋಗಾಲಯ ಸೇರಿದ್ದ. ಹೊರಡುವ ಹಿಂದಿನ ದಿನ ಅವನೇ ಗಾಜಿನ ತಟ್ಟೆಯಲ್ಲಿ ಹಾಕಿಟ್ಟ ನರಕೋಶಗಳು ಇವತ್ತಿಗೆ ಬಲಿತಿದ್ದವು.

ನರಕೋಶ ಸುದ್ದಿ ಕಳಿಸುವಾಗ ಒಳಗಿನ ಪುಟ್ಟ ಚೀಲಗಳು ಅಂಚಿಗೆ ಬಂದು, ಹೊರಪೊರೆಯಲ್ಲಿ ಬೆರೆತು, ಸರಕನ್ನು ಚೆಲ್ಲುತ್ತವೆ. ಬೆರೆತ ಪೊರೆಯನ್ನು ಮತ್ತೆ ಒಳಗೆಳೆದುಕೊಳ್ಳದಿದ್ದರೆ ಮುಂದಿನ ಸುದ್ದಿಗೆ ಚೀಲವೇ ಇರದು. ಎಳೆಯುವ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಕೊಂಡಿರುತ್ತದೆ; ಒಂದು ಕಿಣ್ವ ಅದನ್ನು ಕಿತ್ತಮೇಲೆ ಅವು ಕೆಲಸಕ್ಕಿಳಿಯುತ್ತವೆ. ಆ ಕಿಣ್ವವನ್ನು ತಡೆದರೆ ಪೊರೆ ಮರಳುವುದೇ ಇಲ್ಲವೆಂದು ಅವನ ವಾದ. ತಡವಾದರೂ ಮರಳುತ್ತದೆಂದು ಅವಳದು.

ಕಿಣ್ವ ತಡೆಯುವ ಮದ್ದು ಹಾಕಿ, ವಿದ್ಯುತ್ತಿನ ಸಣ್ಣ ಮಿಡಿತ ಕೊಟ್ಟಳು. ಚೀಲಗಳು ಹೊರಪೊರೆಯಲ್ಲಿ ಬೆರೆತ ಕಡೆಯೆಲ್ಲ ಪರದೆಯ ಮೇಲೆ ಹಸಿರು ಚುಕ್ಕೆಗಳು ಬೆಳಗಿದವು. ಪೊರೆ ಒಳಗೆ ಮರಳಿದರೆ ಅವು ಮಂಕಾಗಬೇಕು. ಮದ್ದಿಲ್ಲದ ಕೋಶಗಳಿಗೆ ಅದು ಒಂದು ನಿಮಿಷದ ಕೆಲಸ.

ಮೂರು ನಿಮಿಷವಾಯಿತು. ಬೆಳಕು ಹೆಚ್ಚಾದರೆ ಕೋಶಗಳು ಸಾಯುತ್ತವೆಂದು ಅಲ್ಲಿಗೆ ನಿಲ್ಲಿಸುವುದು ವಾಡಿಕೆ. ಚುಕ್ಕೆಗಳು ಹಾಗೇ ಇದ್ದವು. ಈಗ ನಿಲ್ಲಿಸಿದರೆ ಅವಳು ಸೋತಂತೆ. ಯಾರೂ ಬೆರಳು ತೋರಿಸುವಂತಿಲ್ಲ. ಅವಳು ದೀಪ ತಗ್ಗಿಸಿ, ಅರ್ಧ ನಿಮಿಷಕ್ಕೊಂದೇ ಚಿತ್ರ ತೆಗೆಯತೊಡಗಿದಳು.

ಗಾಜಿನ ಸಾಮಾನು ತೊಳೆಯುವ ಅಕ್ಕ ಇಣುಕಿದಳು. "ಊಟಕ್ಕೆ ಬರಲ್ವೇನೇ ಗೂಬೆ?"

"ಐದು ನಿಮಿಷ ಅಕ್ಕಾ."

"ನಿನ್ನ ಐದು ನಿಮಿಷ ನಂಗೊತ್ತಿಲ್ವಾ? ಅಷ್ಟರಲ್ಲಿ ಕೂಸು ಹುಟ್ಟಿ ಶಾಲೆಗೆ ಹೋಗಿರುತ್ತೆ. ಸೋತೆ ಅಂತ ಫೋನ್ ಮಾಡ್ಬಿಡು. ಅವನೇನು ಬಂದು ನೋಡ್ತಾನಾ?"

"ಸುಳ್ಳು ಹೇಳಿ ಮಾತು ಶುರು ಮಾಡ್ಲಾ?"

ಅಕ್ಕ ನಿಟ್ಟುಸಿರಿಟ್ಟು ಬಾಗಿಲೆಳೆದುಕೊಂಡಳು.

ಹನ್ನೊಂದನೆಯ ನಿಮಿಷಕ್ಕೆ ಒಂದು ಚುಕ್ಕೆ ಮಂಕಾಯಿತು. ಆಮೇಲೆ ಅದರ ಪಕ್ಕದ್ದು, ಆಮೇಲೆ ಮೂಲೆಯ ಗುಂಪು. ಮತ್ತೊಂದು ಮಿಡಿತ ಕೊಟ್ಟಳು, ಪುನಃ ಬೆಳಗಿದವು. ಬಣ್ಣ ಮಾಸಿದ್ದಲ್ಲ, ನಿಜಕ್ಕೂ ಮರಳಿದ್ದವು.

ಗೆದ್ದಿದ್ದಳು. ಇನ್ನು ಫೋನ್ ಮಾಡಬೇಕಾದವನು ಅವನು. ಪಂದ್ಯ ಕಟ್ಟುವಾಗ ಇಬ್ಬರು ಜಾಣರಿಗೂ ಒಂದು ಮಾತು ಹೊಳೆದಿರಲಿಲ್ಲ: ಕೋಶಗಳೆಲ್ಲ ಇಲ್ಲಿರುವಾಗ, ಸೋತೆಯೆಂದು ಅವನಿಗೆ ಹೇಳುವವರು ಯಾರು?

ಫಲಿತಾಂಶ ಬರೆದಿಟ್ಟು, ಅವಳೇ ಫೋನ್ ಮಾಡಿದಳು.

"ನೀನು ಸೋತೆ ಕಣೋ."

ಆ ಕಡೆ ಕುರ್ಚಿ ಸರಿದ ಸದ್ದು. "ವಾಪಸ್ ಬಂತಾ? ಎಷ್ಟು ಹೊತ್ತಿಗೆ?"

"ಹನ್ನೊಂದನೇ ನಿಮಿಷಕ್ಕೆ."

"ಅಷ್ಟು ಹೊತ್ತು ಕಾದ್ಯಾ?"

ಎರಡು ವಾರದ್ದೆಲ್ಲ ಹೇಳಿಬಿಡೋಣವೆಂದು ಬಾಯಿ ತೆರೆದಳು.

"ಹೂಂ," ಎಂದಳು.