ಖಾರದ ಡಬ್ಬಿಯ ರೊಕ್ಕ

ಗಡಹಿಂಗ್ಲಜದ ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದೆ ದಾದಾಸಾಹೇಬರ ಗೊಬ್ಬರ, ಬೀಜದ ಅಂಗಡಿ. ಅಲ್ಲಿ ಯೂರಿಯಾ ಸಿಗದ ದಿನ ಇರಬಹುದು, ವಾದ ಸಿಗದ ದಿನ ಇಲ್ಲ. ಈ ಮಳೆಗಾಲದಲ್ಲಿ ವಾದಕ್ಕೆ ಹೊಸ ಸರಕು ಬಂದಿತ್ತು. ಮಗ ಪ್ರಥಮೇಶ ಬ್ಯಾಂಕಿಗೆ ಹೋಗಿ ಡಿಜಿಟಲ್ ರೂಪಾಯಿಯ ಸ್ಕ್ಯಾನ್ ಚೀಟಿಯೊಂದನ್ನು ತಂದು ರೊಕ್ಕದ ಗಲ್ಲೆಯ ಮೇಲೆ ಅಂಟಿಸಿದ್ದ. ಇದು ಖಾತೆಯಿಂದ ಖಾತೆಗೆ ಹೋಗುವ ರೊಕ್ಕವಲ್ಲ, ಸಾಕ್ಷಾತ್ ರಿಸರ್ವ್ ಬ್ಯಾಂಕಿನ ನೋಟೇ, ಕಾಗದದ ಬದಲು ಫೋನಿನೊಳಗೆ ಇರುತ್ತದೆ ಅಷ್ಟೆ ಎಂದು ಅವನು ಬಂದವರಿಗೆಲ್ಲ ತಿಳಿಸಿ ಹೇಳುತ್ತಿದ್ದ. ದಾದಾಸಾಹೇಬರು ಆ ಚೀಟಿಯ ಮೇಲೆ ದಿನಾ ಬೆಳಿಗ್ಗೆ ತೂಕದ ಕಲ್ಲು ಇಡುತ್ತಿದ್ದರು. ಎಂಜಲು ಹಚ್ಚಿ ಎಣಿಸಲಾಗದ್ದು ರೊಕ್ಕವೇ ಅಲ್ಲ ಎಂಬುದು ಅವರ ಮಾತು.

ಇಬ್ಬರೂ ದೇಶದ ಭವಿಷ್ಯದ ಬಗ್ಗೆಯೇ ಮಾತಾಡುತ್ತಿದ್ದರು. ಆದರೆ ಒಳಗಿನ ಹೂರಣ ಬೇರೆ. ಬಿಲ್ಲು ಹರಿಯದೆ ಮಾರಿದ ನಾಲ್ಕು ಚೀಲದ ಲೆಕ್ಕ ಯಾರಿಗೂ ಸಿಗಬಾರದೆಂದು ಅಪ್ಪನಿಗೆ ನೋಟು ಬೇಕಿತ್ತು. ಮೀಸೆ ಬಂದು ಎಷ್ಟೋ ವರ್ಷವಾದರೂ ಪೆಟ್ರೋಲಿಗೆ ಅಪ್ಪನ ಮುಂದೆ ಕೈ ಚಾಚುವುದು ತಪ್ಪಿರಲಿಲ್ಲವಾಗಿ ಮಗನಿಗೆ ಫೋನು ಬೇಕಿತ್ತು. ಯಾಕೆಂದರೆ ಗಲ್ಲೆ ಅಪ್ಪನದು, ಫೋನು ಮಗನದು. ಇದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ವಾದ ಒಂದೇ ದಿನಕ್ಕೆ ಮುಗಿದು ಅಂಗಡಿ ಭಣಗುಟ್ಟುತ್ತಿತ್ತು.

ಸಂತೆಯ ದಿನ ಮಹಾಗಾಂವದ ಮನೆಯಿಂದ ಬುತ್ತಿ ಹಿಡಿದುಕೊಂಡು ಬಂದ ಬಾಳಕ್ಕ ಈ ವಾದ ಕೇಳಿ, ಯಾರಿಗೂ ಕಾಣದ ರೊಕ್ಕವೆಂದರೆ ನೋಟೇ ಎಂದು ಗಂಡನ ಪರವಾಗಿ ನಿಂತಳು. ಮದುವೆಯಾದ ಮೇಲೆ ಇದೇ ಮೊದಲು. ದಾದಾಸಾಹೇಬರಿಗೆ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು. "ನೋಡಪಾ, ನಿಮ್ಮವ್ವಗ ಸೈತ ತಿಳೀತೈತಿ" ಎಂದು ಮಗನ ಕಡೆ ತಿರುಗಿ ಹೇಳಿ ನೀರು ಕುಡಿದರು.

ಬಾಳಕ್ಕನ ಕಾರಣವೂ ದೇಶದ್ದಲ್ಲ, ಖಾರದ ಡಬ್ಬಿಯದು. ಕಬ್ಬಿನ ಬದುವಿನಲ್ಲಿ ಅವಳು ವರ್ಷಾ ನಾಲ್ಕು ಸಾಲು ಸಂಕೇಶ್ವರಿ ಮೆಣಸಿನಕಾಯಿ ಹಾಕುತ್ತಿದ್ದಳು. ಒಣಗಿಸಿ, ತೊಟ್ಟು ಮುರಿದು, ಖಾರ ಕುಟ್ಟಿಸಿ ಓಣಿಯ ಹೆಂಗಸರಿಗೆ ಮಾರುತ್ತಿದ್ದಳು. ಅದರ ರೊಕ್ಕ ಖಾರದ ಹಿತ್ತಾಳೆ ಡಬ್ಬಿಯ ತಳದಲ್ಲಿ ಒಂದು ಚಿಂದಿಯೊಳಗೆ ಇರುತ್ತಿತ್ತು. ಗಂಡಸರು ಕೈ ಹಾಕದ ಜಾಗ ಅದೊಂದೇ. ಹಿಂದೊಮ್ಮೆ ಅವಳ ಹತ್ತಿರ ರೊಕ್ಕ ಇದೆಯೆಂದು ದಾದಾಸಾಹೇಬರಿಗೆ ಗೊತ್ತಾಗಿ, ಹದಿನೈದು ದಿನದ ಮಾತಿಗೆಂದು ಗೊಬ್ಬರದ ಲೋಡಿಗೆ ತೆಗೆದುಕೊಂಡಿದ್ದರು. ಆ ಹದಿನೈದು ದಿನ ಇನ್ನೂ ಮುಗಿದಿರಲಿಲ್ಲ. ಫೋನಿನ ರೊಕ್ಕವೆಂದರೆ ಬಾಳಕ್ಕನ ಪಾಲಿಗೆ ಮಗನ ಕಿಸೆಯ ರೊಕ್ಕ. ಅವಳ ಬಳಿ ಇದ್ದದ್ದು ಗುಂಡಿಯ ಹಳೇ ಫೋನು. ಅದರಲ್ಲಿ ಅವಳಿಗೆ ಹಸಿರು ಗುಂಡಿ, ಕೆಂಪು ಗುಂಡಿ ಎರಡೇ ಗೊತ್ತು.

ಆ ಡಬ್ಬಿಯಿಂದ ವರ್ಷಕ್ಕೊಮ್ಮೆ ರೊಕ್ಕ ಹೊರಗೆ ಬರುತ್ತಿತ್ತು. ಇಚಲಕರಂಜಿಯ ಶಹಾಪುರಕ್ಕೆ ಕೊಟ್ಟ ಮಗಳು ಕಾಂಚನ ಪಂಚಮಿಗೆ ತವರಿಗೆ ಬಂದು ಹೊರಟಾಗ ಬಾಳಕ್ಕ ಉಡಿ ತುಂಬುತ್ತಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಮೇಲೊಂದು ಕುಪ್ಪಸದ ಖಣ. ಇವೆಲ್ಲ ಎಲ್ಲರ ಕಣ್ಣಿಗೆ. ಅಕ್ಕಿಯ ಕೆಳಗೆ ಚಿಂದಿಯಲ್ಲಿ ಸುತ್ತಿದ ನೋಟು, ಅದು ಮಗಳಿಗೆ ಮಾತ್ರ. ಮಗಳ ಮದುವೆಯಾದ ಆರು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿರಲಿಲ್ಲ. ಮಗಳು ಊರು ಮುಟ್ಟಿದ ಮೇಲೆ ತಾಯಿ ಫೋನಿನಲ್ಲಿ "ಮುಟ್ಟಿತೇನವಾ?" ಎಂದು ಕೇಳುವಳು, ಆಕೆ "ಮುಟ್ಟಿತವ್ವ" ಎನ್ನುವಳು. ಅಷ್ಟಕ್ಕೆ ಬಾಳಕ್ಕನ ವರ್ಷ ತುಂಬುತ್ತಿತ್ತು.

ಈ ಪಂಚಮಿಗೆ ಕಾಂಚನ ಬಂದವಳು ಅಡುಗೆಮನೆಯಲ್ಲಿ ಉಂಡಿ ಕಟ್ಟುತ್ತ, ಯಾರೂ ಇಲ್ಲದ ಹೊತ್ತು ನೋಡಿ ಮಾತು ತೆಗೆದಳು. ಶಹಾಪುರದ ಓಣಿಯ ಜನಾಬಾಯಿ ತನ್ನ ಕಾಂಡಿ ಮಷಿನ್ನು, ಅಂದರೆ ಮಗ್ಗಕ್ಕೆ ನೂಲು ಸುತ್ತಿಕೊಡುವ ಯಂತ್ರ, ಮಾರಿ ಮಗಳ ಊರಿಗೆ ಹೋಗುತ್ತಿದ್ದಾಳೆ. ಗಣಪತಿ ಹಬ್ಬದವರೆಗೆ ಕಾಂಚನಳಿಗಾಗಿ ತಡೆದಿದ್ದಾಳೆ, ಅರ್ಧ ರೊಕ್ಕ ಮುಂಗಡ ಕೊಟ್ಟರೆ ಸಾಕು. ಈಗ ಕಾಂಚನ ಬೇರೆಯವರ ಶೆಡ್ಡಿನಲ್ಲಿ ಕಾಂಡಿ ಸುತ್ತುತ್ತಾಳೆ, ಪಗಾರ ಮನೆಯ ಮಗ್ಗದ ಸಾಲಕ್ಕೆ ಹೋಗುತ್ತದೆ. ಮಷಿನ್ನು ಅವಳ ಹೆಸರಿನದಾದರೆ ಕೂಲಿಯೂ ಅವಳದಾಗುತ್ತದೆ. ಇದ್ದದ್ದು ಇಷ್ಟೇ ಆಸೆ. ಆಮೇಲೆ ಅವಳು ಕೈಯೊಳಗಿನ ಉಂಡಿಯನ್ನು ಮತ್ತೆ ಮತ್ತೆ ಒತ್ತುತ್ತ ಹೇಳಿದಳು.

"ಅವ್ವಾ, ಈ ಸಲ ಉಡಿಯಾಗ ರೊಕ್ಕ ಇಡಬ್ಯಾಡ. ತಮ್ಮನ ಕೈಲೆ ನನ್ನ ಫೋನಿಗೆ ಹಾಕಸು. ಅದ ಹೊಸಾ ರೂಪಾಯಿ. ಪಾಸ್‌ಬುಕ್ಕಿನ್ಯಾಗ ಅದರದು ಒಂದ ಸಾಲೂ ಬರೂದಿಲ್ಲ, ಯಾರಿಗೂ ಕಾಣೂದಿಲ್ಲ."

ಬಾಳಕ್ಕ ಇದಕ್ಕೆ ಒಪ್ಪಲಿಲ್ಲ. ಮಗನ ಕೈಗೆ ಕೊಟ್ಟರೆ ಡಬ್ಬಿಯ ಗುಟ್ಟು ಹೋಯಿತು. ಇಂದು ಮಗನಿಗೆ, ನಾಳೆ ಅವರಪ್ಪನಿಗೆ. ಅದಕ್ಕಿಂತ ಹೆಚ್ಚಾಗಿ, ತಾನು ಕಟ್ಟಿದ ಗಂಟು ಮಗಳಿಗೆ ಬೇಡವಾಯಿತೇ ಎಂದು ಸಿಟ್ಟೂ ಬಂತು. ತವರಿನ ಉಡಿ ಬರಿದು ಕಳಿಸಲು ತನ್ನ ಕೈ ನಡೆಯುವುದಿಲ್ಲ ಎಂದಳು. ಕಾರಣ ಕೇಳಿದರೆ ಕಾಂಚನ ಒಮ್ಮೆ ಬಾಯಿ ತೆರೆದಳು, ಮತ್ತೆ ಉಂಡಿ ಎಣಿಸತೊಡಗಿದಳು. ಈಗಿನ ಹುಡುಗಿಯರಿಗೆ ಎಲ್ಲವೂ ಫೋನಿನಲ್ಲೇ ಆಗಬೇಕು ಎಂದು ಬಾಳಕ್ಕ ಅದನ್ನು ಅಲ್ಲಿಗೇ ಬಿಟ್ಟಳು. ಹೊರಡುವ ದಿನ ಡಬ್ಬಿಯ ರೊಕ್ಕದಲ್ಲಿ ಅರ್ಧದಷ್ಟು, ಮಷಿನ್ನಿನ ಮುಂಗಡಕ್ಕಾಗುವಷ್ಟು ತೆಗೆದು ಮಗಳಿಗೂ ಗೊತ್ತಾಗದಂತೆ ಅಕ್ಕಿಯ ಕೆಳಗೆ ಇಟ್ಟಳು. ಉಡಿ ಬಿಚ್ಚಿದಾಗ ಮಗಳ ಮುಖ ಹೇಗಾಗುತ್ತದೆಂದು ನೆನೆದು ಒಬ್ಬಳೇ ನಕ್ಕಳು.

ಈ ಸಲ ಮಗಳ ಜೊತೆಗೆ ಅವಳೂ ಹೊರಟಳು. ಬೀಗಿತ್ತಿ ಮುಕ್ತಾಬಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದರು, ಮಾತಾಡಿಸಿ ಬರುವುದು ರೀತಿ. ಎಸ್‌ಟಿಯಲ್ಲಿ ಕಾಂಚನ ಉಡಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಾಗಲದ ತನಕ ಕಿಟಕಿಯ ಹೊರಗೇ ನೋಡುತ್ತಿದ್ದಳು. ಗಂಟಿನ ತೂಕ ಅವಳಿಗೆ ತಿಳಿದಿತ್ತೋ ಏನೋ, ಕೇಳಲಿಲ್ಲ.

ಶಹಾಪುರದಲ್ಲಿ ಮಗ್ಗದ ಸದ್ದಿಗೆ ಗೋಡೆಯೂ ಮಾತಾಡುತ್ತದೆ, ಮನುಷ್ಯರು ಮಾತ್ರ ಕೂಗಿ ಮಾತಾಡಬೇಕು. ಮುಕ್ತಾಬಾಯಿ ಒಳ್ಳೆಯ ಹೆಂಗಸು. ಕುಂಟುತ್ತಲೇ ಎದ್ದು ಬಂದು ಬೀಗಿತ್ತಿಗೆ ನೀರು ಕೊಟ್ಟರು, ಮಣೆ ಹಾಕಿದರು. ಆಮೇಲೆ ಸೊಸೆಯ ಕೈಯಿಂದ ಉಡಿಯ ಗಂಟು ಇಸಿದುಕೊಂಡು, ದೇವರ ಜಗಲಿಯ ಮುಂದೆ ಮೊರ ಇಟ್ಟು, ಗಂಟು ಬಿಚ್ಚಿ ಸುರಿದರು. ತವರಿನಿಂದ ಬಂದ ಉಡಿಯನ್ನು ಅತ್ತೆ ಬಿಚ್ಚಬೇಕು, ಅದೇ ಅಕ್ಕಿಯ ಹುಗ್ಗಿ ಮಾಡಿ ಮನೆಮಂದಿಯೆಲ್ಲ ಉಣ್ಣಬೇಕು, ಇದು ಅತ್ತೆ ಇದ್ದ ಎಲ್ಲ ಮನೆಯ ಪದ್ಧತಿ. ಬಾಳಕ್ಕ ಕಾಲಿಟ್ಟದ್ದು ಅತ್ತೆ ಇಲ್ಲದ ಮನೆಗೆ. ಅವಳ ಉಡಿಯನ್ನು ಜೀವಮಾನವೆಲ್ಲ ಅವಳೇ ಬಿಚ್ಚಿದ್ದಳು. ಅತ್ತೆಯಿಲ್ಲದ ಸೊಸೆ ಉತ್ತಮಳು ಎಂಬ ಗಾದೆ ಇರಬಹುದು, ಆದರೆ ಅವಳಿಗೆ ಕಲಿಸುವವರು ಯಾರು?

ಅಕ್ಕಿಯ ನಡುವೆ ಚಿಂದಿಯ ಸುರುಳಿ ಕಂಡಿತು. ಮುಕ್ತಾಬಾಯಿ ಅದನ್ನು ಹುಡುಕಲೂ ಇಲ್ಲ, ಇರುತ್ತದೆಂದು ಗೊತ್ತಿದ್ದವರಂತೆ ನೇರ ಕೈ ಹಾಕಿದರು. ಬಿಚ್ಚಿದ ಕೂಡಲೇ ಎರಡು ಸಲ ಸೀನಿದರು. ನೋಟುಗಳನ್ನು ಕಣ್ಣಿಗೊತ್ತಿಕೊಂಡು ಜಗಲಿಯ ಮೇಲಿಟ್ಟು, ಬಾಳಕ್ಕನ ಎರಡೂ ಕೈ ಹಿಡಿದುಕೊಂಡರು.

"ಬೀಗರ, ಒಂದ ಮಾತ ಭಾಳ ದಿವಸದಿಂದ ಹೇಳಬೇಕಂತಿದ್ದೆ. ವರ್ಷಾ ಮನಿಗಿ ಇಷ್ಟ ಕೊಡತೀರಿ, ಅದೂ ಹೆಸರ ಆಗಬಾರದಂತ ಅಕ್ಕಿ ತೆಳಗ ಮುಚ್ಚಿ ಕೊಡತೀರಿ. ಇಂಥಾ ಮನಸ ಯಾರಿಗಿ ಇರತೈತ್ರಿ? ಆ ನೀರಿನ ಟಾಕಿ ನಿಮ್ಮ ಉಡಿದ ಐತಿ. ಈ ಫ್ಯಾನೂ ನಿಮ್ಮದ. ಮೊನ್ನೆ ಮಗ್ಗದ ಮೋಟರ್ ಸುಟ್ಟಿತ್ತು, ನಿಮ್ಮ ಅಳಿಯ ರೋಹನ ಏನ ಮಾಡೂದಂತ ತೆಲಿಗಿ ಕೈ ಹಚ್ಚಿ ಕುಂತಿದ್ದ. ದೇವರ ಕಳಸ್ಯಾನ ನೋಡ್ರಿ."

ಅವರ ಕಣ್ಣಲ್ಲಿ ನೀರಿತ್ತು, ಅದು ಖಾರದ್ದಲ್ಲ. ಇದು ಮನೆಗಲ್ಲ, ನನ್ನ ಮಗಳಿಗೆ ಎಂದು ಬಾಳಕ್ಕ ಹೇಳಬೇಕು. ಹೇಳಿದರೆ, ನಿಮಗೆ ಕಾಣಬಾರದೆಂದೇ ಮುಚ್ಚಿದ್ದೆ ಎಂದಂತಾಯಿತು. ಇಷ್ಟು ಪ್ರೀತಿಯಿಂದ ಕೈ ಹಿಡಿದವರ ಮುಖಕ್ಕೆ ಅದನ್ನು ಹೇಗೆ ಹೇಳುವುದು? ಅವಳು ತಲೆಯೆತ್ತಿ ಫ್ಯಾನು ನೋಡಿದಳು. ಅದು ತಿರುಗುತ್ತಿತ್ತು. ಬಾಗಿಲಲ್ಲಿ ಚಹದ ತಾಟು ಹಿಡಿದು ನಿಂತ ಕಾಂಚನ ನೆಲ ನೋಡುತ್ತಿದ್ದಳು.

ಹಿತ್ತಲಿನ ಕಟ್ಟೆಯ ಮೇಲೆ ತಾಯಿ ಮಗಳು ಇಬ್ಬರೇ ಕೂತಾಗ ಬಾಳಕ್ಕ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಸಿಟ್ಟು ಮಾಡಬೇಕೆಂದಿದ್ದಳು, ದನಿ ಬೇರೆಯೇ ಬಂತು.

"ಹೇಳಿದ್ರ ನಿನಗ ಎಷ್ಟ ಕೆಟ್ಟ ಅನಸತಿತ್ತು" ಎಂದಳು ಕಾಂಚನ. "ಅತ್ತಿದು ತಪ್ಪಿಲ್ಲವ್ವ. ಅವರ ತಿಂದಿಲ್ಲ, ಉಟ್ಟಿಲ್ಲ. ನೀ ಮುಟ್ಟಿತೇನ ಅಂತ ಕೇಳತಿದ್ದಿ. ಮನಿಗಿ ಮುಟ್ಟಿತ್ತು. ಮುಟ್ಟಿತು ಅಂದೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ಕೈಗೂ ಬಂದಿರಲಿಲ್ಲ. ಬಾಳಕ್ಕನಿಗೆ ತನ್ನ ಮೇಲೆ ನಾಚಿಕೆಯಾಯಿತು. ಯಾರಿಗೂ ಕಾಣದ ರೊಕ್ಕವೆಂದರೆ ನೋಟೇ ಎಂದು ಅಂಗಡಿಯಲ್ಲಿ ನಿಂತು ಹೇಳಿ ಬಂದಿದ್ದಳು. ಅದು ಅವಳ ಅಡುಗೆಮನೆಯಲ್ಲಿ ನಿಜ, ಮಗಳ ಅಡುಗೆಮನೆಯಲ್ಲಿ ಸುಳ್ಳು. ಇಲ್ಲಿ ಡಬ್ಬಿ, ಗಡಿಗೆ, ಉಡಿ ಎಲ್ಲವೂ ಅತ್ತೆಯ ಕೈಯೊಳಗಿನವು. ಮಗಳದೆಂದು ಇದ್ದದ್ದು ಅಂಗೈಯಗಲದ ಆ ಫೋನು ಒಂದೇ. ಅಂದು ಸಂಜೆ ಅವಳು ಹುಗ್ಗಿ ಉಂಡಳು, ಚೆನ್ನಾಗಿದೆ ಎಂದಳು, ಮುಕ್ತಾಬಾಯಿಯ ಕಾಲಿಗೆ ಎಣ್ಣೆಯನ್ನೂ ಹಚ್ಚಿದಳು.

ಮರುದಿನ ಮಹಾಗಾಂವಕ್ಕೆ ಬಂದು ಚಪ್ಪಲಿ ಬಿಟ್ಟವಳೇ ಡಬ್ಬಿ ತೆಗೆದಳು. ಉಳಿದ ಅರ್ಧ ಅದರಲ್ಲಿತ್ತು. ಅದು ಅವಳ ಸ್ವಂತದ್ದು, ಕೈ ಕಾಲು ನಿಂತ ದಿನ ಯಾರ ಮುಖವನ್ನೂ ನೋಡಬಾರದೆಂದು ಇಟ್ಟುಕೊಂಡದ್ದು. ಅದನ್ನು ನೋಡುತ್ತ ಕೂತಾಗ ನಿಜವಾಗಿ ಭಯವಾಯಿತು. ಗಣಪತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಡಬ್ಬಿಯನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ಗಡಹಿಂಗ್ಲಜದ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅಪ್ಪ ಮಗ ಇಬ್ಬರೂ ಇದ್ದರು, ವಾದವೂ ಇತ್ತು. ಬಾಳಕ್ಕ ಡಬ್ಬಿಯನ್ನು ಗಲ್ಲೆಯ ಮೇಲಿಟ್ಟು ಖಾರದೊಳಗೆ ಮೊಣಕೈ ತನಕ ಕೈ ಹಾಕಿ ಗಂಟು ತೆಗೆದಳು. ವಾದ ನಿಂತಿತು. ಇದನ್ನು ಗಲ್ಲೆಗೆ ಹಾಕಿಕೊಂಡು ಇಷ್ಟನ್ನೂ ಹೊಸ ರೂಪಾಯಿ ಮಾಡಿ ಅಕ್ಕನ ಫೋನಿಗೆ ಕಳಿಸು ಎಂದು ಮಗನಿಗೆ ಹೇಳಿದಳು. ದಾದಾಸಾಹೇಬರು ಹೆಂಡತಿಯನ್ನೂ ಡಬ್ಬಿಯನ್ನೂ ಹೊಸದಾಗಿ ಕಂಡವರಂತೆ ನೋಡಿದರು. ಎಷ್ಟು ವರ್ಷದ್ದು ಇದು ಎಂದು ಕೇಳಿದರು. ಆಗ ಅವರ ಕೈ ಮೆಲ್ಲಗೆ ಗಂಟಿನ ಕಡೆ ಸರಿಯಿತು. ನಾಳೆ ಡಿಎಪಿ ಗೊಬ್ಬರದ ಲೋಡು ಬರುವುದಿದೆ, ಹದಿನೈದು ದಿನದ ಮಾತು, ಆಮೇಲೆ ಮಗಳಿಗೆ ತಾವೇ ಕಳಿಸುತ್ತೇವೆ ಎಂದು ಶುರು ಮಾಡಿದರು.

"ಪ್ರಥಮೇಶ, ಮೊದಲ ಕಳಸು" ಎಂದಳು ಬಾಳಕ್ಕ. "ನಿಮ್ಮಪ್ಪನ ಮಾತ ಆಮ್ಯಾಲ ಕೇಳೂಣು."

ಪ್ರಥಮೇಶ ಅಪ್ಪನ ಮುಖ ನೋಡಿದ, ಅವ್ವನ ಕೆಂಪಾದ ಕೈ ನೋಡಿದ. ನೋಟು ಎಣಿಸಿದ, ಫೋನು ಒತ್ತಿದ. ದಾದಾಸಾಹೇಬರ ಹದಿನೈದು ದಿನ ಇನ್ನೂ ಬಾಯಲ್ಲೇ ಇತ್ತು, ರೊಕ್ಕ ಶಹಾಪುರ ಸೇರಿತ್ತು.

"ಇದನ್ನ ನಾ ಹೇಳೂದು" ಎಂದರು ದಾದಾಸಾಹೇಬರು. "ಹೋತಂದ್ರ ಹೋತು. ತಡೀಬೇಕಂದ್ರ ತಡ್ಯಾಕ ಬರೂದಿಲ್ಲ. ಇದೇನ ರೊಕ್ಕ?" ಮೂಗಿಗೆ ಖಾರ ಹೋಗಿ ಅವರು ಸೀನತೊಡಗಿದರು. ಕೊನೆಗೂ ತನ್ನ ಪಕ್ಷಕ್ಕೆ ಬಂದಳೆಂದು ಮಗ ಹಿಗ್ಗಿ, ನಿನ್ನ ಫೋನಿಗೂ ಇದನ್ನು ಹಾಕಿಕೊಡಲೇ ಎಂದು ಅವ್ವನನ್ನು ಕೇಳಿದ. ಬಾಳಕ್ಕ ತಲೆಯಲ್ಲಾಡಿಸಿದಳು. ಮೆಣಸಿನಕಾಯಿ ಮತ್ತೆ ಬರುತ್ತದೆ, ತನಗೆ ನೋಟೇ ಬೇಕು, ಡಬ್ಬಿ ಮಾತ್ರ ಬೇರೆ ಹುಡುಕಬೇಕು ಎಂದಳು. "ಅಕಿಗಿ ಅದ ಬೇಕು, ನನಗ ಇದ ಬೇಕು. ಇದರಾಗ ಜಗಳ ಏನೈತಿ?"

ಅಷ್ಟರಲ್ಲಿ ಅವಳ ಗುಂಡಿಯ ಫೋನು ಹೊಡೆದುಕೊಂಡಿತು. ಹಸಿರು ಗುಂಡಿ ಒತ್ತಿದಳು. ಆ ಕಡೆ ಮಗ್ಗದ ಸದ್ದು, ಅದರ ನಡುವೆ ಕಾಂಚನಳ ದನಿ. ಮುಟ್ಟಿತವ್ವ ಎಂದಳು. ಆರು ವರ್ಷ ಕೇಳಿದ ಅದೇ ಮಾತು. ಬಾಳಕ್ಕ ಯಾವ ವರ್ಷವೂ ಕೇಳದ್ದನ್ನು ಈಗ ಕೇಳಿದಳು.

"ಯಾರಿಗಿ ಮುಟ್ಟಿತವಾ?"

"ನನಗವ್ವ. ನನಗ ಮುಟ್ಟಿತು."

ಬಾಳಕ್ಕ ಖಾರದ ಕೈಯಿಂದಲೇ ಕಣ್ಣೊರೆಸಿಕೊಂಡಳು. ಉರಿ ತಡೆಯಲಾರದೆ, ನೀರು ತಾ ಎಂದು ಗಂಡನನ್ನೇ ಕೂಗಿದಳು. ದಾದಾಸಾಹೇಬರು ಸೀನುತ್ತಲೇ ಎದ್ದು ತಂಬಿಗೆ ತಂದರು.